ದಾಂಡೇಲಿಯಲ್ಲಿ ಇಲಿಯ ಬಳಗ

ಧಾರವಾಡದಿಂದ ಹೊರಟ ಬಸ್ಸು ಹಳಿಯಾಳ ದಾಟಿದರೆ ಸಾಗವಾನಿ ಕಾಡು ಶುರು. ಐದನೆಯ ತರಗತಿಯ ನನ್ನ ಮೊಮ್ಮಗಳು ಕಿಟಕಿಯ ಪಕ್ಕ ಕೂತಿದ್ದಳು. ನನ್ನೊಡನೆ ಮಾತಿಲ್ಲ. ತಪ್ಪು ನನ್ನದೇ. ಅಟ್ಟದ ಇಲಿಗಳಿಗೆಂದು ಹಿಟ್ಟಿನ ಉಂಡೆಯಲ್ಲಿ ಇಲಿಪಾಷಾಣ ಇಟ್ಟಿದ್ದೆ. ನಮ್ಮ ಮಾವಿನ ಮರದ ಅಳಿಲು ಅದನ್ನು ತಿಂದು ಸತ್ತಿತು.

ನನಗೂ ಇಲಿಗೂ ಹಳೆಯ ವೈರ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಇಲಿಗಳು ಒಂದು ಲೆಡ್ಜರ್ ಕಡಿದು ಚೂರು ಮಾಡಿದ್ದವು. ಮೂರು ದಿನ ಕೂತು ವೋಚರ್ ನೋಡಿ ಮತ್ತೆ ಬರೆದೆ. ಅಂದಿನಿಂದ ಕಡಿಯುವ ಪ್ರಾಣಿ ಎಂದರೆ ಕೊಲ್ಲಬೇಕಾದದ್ದು ಎಂದೇ ನನ್ನ ಲೆಕ್ಕ.

ಮರುದಿನ ಬೆಳಿಗ್ಗೆ ಕಾವಲುಗಾರರೊಬ್ಬರು ನಮ್ಮನ್ನು ಕಾಡಿನ ದಾರಿಯಲ್ಲಿ ಕರೆದೊಯ್ದರು. ಎತ್ತರದ ಕೊಂಬೆಯಲ್ಲಿ ಎಲೆ, ಕಡ್ಡಿಗಳ ದೊಡ್ಡ ಗೂಡು ತೋರಿಸಿದರು. ಅಷ್ಟರಲ್ಲಿ ಬೆಕ್ಕಿನಷ್ಟು ದೊಡ್ಡ ಪ್ರಾಣಿಯೊಂದು ಪಕ್ಕದ ಮರಕ್ಕೆ ಜಿಗಿಯಿತು. ಕೆಂಗಂದು ಬೆನ್ನು, ತಿಳಿ ಬಣ್ಣದ ಹೊಟ್ಟೆ, ದೇಹಕ್ಕಿಂತ ಉದ್ದ ಬಾಲ. ಅದೇ ಕೆಂಜಳಿಲು. ಸುಮಾರು ಎರಡು ಕಿಲೋ ತೂಗುತ್ತದೆ, ಒಂದೇ ನೆಗೆತಕ್ಕೆ ಇಪ್ಪತ್ತು ಅಡಿ ದಾಟುತ್ತದೆ. ನೆಲಕ್ಕೆ ಇಳಿಯುವುದೇ ಅಪರೂಪ. ಒಂದೇ ಅಳಿಲು ಹಲವು ಗೂಡು ಕಟ್ಟಿಕೊಳ್ಳುತ್ತದೆ.

“ಇದೂ ಇಲಿ ಬಳಗನ ನೋಡ್ರಿ ಅಜ್ಜಾರ” ಎಂದರು ಕಾವಲುಗಾರರು.

ಮೊಮ್ಮಗಳು ತಿರುಗಿ ನೋಡಿ, ಎರಡು ದಿನಗಳ ಮೇಲೆ ಮೊದಲ ಮಾತು ಆಡಿದಳು: “ಅಜ್ಜಾ, ಇದಕ್ಕೂ ಔಷಧ ಇಡ್ತೀಯೇನು?”

ನನ್ನಲ್ಲಿ ಉತ್ತರವಿರಲಿಲ್ಲ.

ಮಕ್ಕಳೇ, ಆ ಬಳಗ ಬಹಳ ದೊಡ್ಡದು. ಮೊಲೆಯುಣಿಸುವ ಪ್ರಾಣಿ ಜಾತಿಗಳಲ್ಲಿ 100ಕ್ಕೆ ಸುಮಾರು 40 ಇದೇ ಗುಂಪಿನವು. ಗುರುತು ಹಲ್ಲಿನಲ್ಲಿದೆ. ಮೇಲೆ ಎರಡು, ಕೆಳಗೆ ಎರಡು ಉಳಿಯಂಥ ಮುಂಬಲ್ಲು. ಅವು ಸಾಯುವವರೆಗೂ ಬೆಳೆಯುತ್ತಲೇ ಇರುತ್ತವೆ. ಹಲ್ಲಿನ ಮುಂಭಾಗ ಗಟ್ಟಿ, ಹಿಂಭಾಗ ಮೆದು. ಕಡಿದಂತೆಲ್ಲ ಹಿಂಭಾಗ ಬೇಗ ಸವೆದು ಅಂಚು ತಾನಾಗಿ ಹರಿತವಾಗುತ್ತದೆ. ಕಡಿಯದಿದ್ದರೆ ಹಲ್ಲು ಬೆಳೆದು ಬಾಯಿ ಮುಚ್ಚಲಾಗದು. ನನ್ನ ಲೆಡ್ಜರ್ ಕಡಿದದ್ದು ಹಗೆಯಿಂದಲ್ಲ!

ಹೆಸರು ನೋಡಿ ಮೋಸಹೋಗಬೇಡಿ. ಮುಳ್ಳುಹಂದಿ ಹಂದಿಯಲ್ಲ, ಇದೇ ಬಳಗದ್ದು. ಉದುರಿದ ಜಿಂಕೆ ಕೊಂಬನ್ನೂ ಅದು ಕಡಿಯುತ್ತದೆ. ಉದ್ದ ಮೂತಿಯ ಮೂಗಿಲಿ ಮಾತ್ರ ಇಲಿಯಲ್ಲ. ಹುಳ ತಿನ್ನುವ ಬೇರೆ ಗುಂಪಿನದು. ಮೊಲವೂ ಬೇರೆಯೇ. ಬಳಗದ ಹಿರಿಯಣ್ಣ ಕ್ಯಾಪಿಬಾರ ದಕ್ಷಿಣ ಅಮೆರಿಕದಲ್ಲಿದೆ. 50 ಕಿಲೋ ದಾಟಿ ತೂಗುತ್ತದೆ.

ಇಲಿ ಕಾಳು ಹಾಳುಮಾಡುವುದು, ರೋಗ ಹರಡುವುದು ಸುಳ್ಳಲ್ಲ. ಆದರೆ ಗೂಬೆಗೂ ಕೇರೆಹಾವಿಗೂ ಅದೇ ಊಟ. ವಿಷ ತಿಂದ ಇಲಿಯನ್ನು ತಿಂದರೆ ಗೂಬೆಯೂ ಸಾಯಬಹುದು. ಪಾಷಾಣಕ್ಕೆ ಗುರಿ ಹಿಡಿಯಲು ಬರುವುದಿಲ್ಲ.

ಊರಿಗೆ ಬಂದು ಇಬ್ಬರೂ ಸೇರಿ ಅಟ್ಟದ ಸಂದುಗಳಿಗೆ ಸಿಮೆಂಟು ಮೆತ್ತಿದೆವು. ಕಾಳುಗಳನ್ನು ತಗಡಿನ ಡಬ್ಬಿಗೆ ಹಾಕಿದೆವು. ಒಂದು ಬೋನು ತಂದೆ. ಮೊಮ್ಮಗಳು ಈಗ ಮೊದಲಿನಂತೆ ಮಾತಾಡುತ್ತಾಳೆ. ಮಾವಿನ ಮರಕ್ಕೆ ಹೊಸ ಅಳಿಲು ಇನ್ನೂ ಬಂದಿಲ್ಲ. ದಿನಾ ಸಂಜೆ ಕಟ್ಟೆಯ ಮೇಲೆ ಕೂತು ಕಾಯುತ್ತೇವೆ.