ತೆಂಗಿನಕಾಯಿಗೆ ಮೂರು ಕಣ್ಣು

ಕಾರಿನ ನೆತ್ತಿಯ ಮೇಲೆ ಕಿಟಕಿ ಯಾಕೆ ಬೇಕು ಎಂಬ ಪ್ರಶ್ನೆಗೆ ನನಗೆ ಇವತ್ತಿನವರೆಗೂ ಸಮಾಧಾನವಾಗುವಂಥ ಉತ್ತರ ಸಿಕ್ಕಿಲ್ಲ. ಚಳಿದೇಶದವರಿಗಾದರೆ ಅಪರೂಪಕ್ಕೆ ಮೂಡುವ ಬಿಸಿಲನ್ನು ಕಾರಿನೊಳಕ್ಕೂ ಬಿಟ್ಟುಕೊಳ್ಳುವ ಆಸೆ ಇರಬಹುದು. ನಮ್ಮ ಮೈಸೂರಿನಲ್ಲಿ ಬಿಸಿಲಿಗೇನು ಬರಗಾಲವೇ? ಆದರೂ 2021ರ ಜೂನ್‌ನಲ್ಲಿ, ಬ್ಯಾಂಕಿನ ನೌಕರಿಯಿಂದ ನಿವೃತ್ತನಾಗಿ ಮೂರು ವರ್ಷಕ್ಕೆ, ಹಳೆಯ ಕಾರು ಕೊಟ್ಟು ಹೊಸದು ಕೊಳ್ಳಲು ಹುಣಸೂರು ರಸ್ತೆಯ ಷೋರೂಮಿಗೆ ಹೋದಾಗ ಅಲ್ಲಿನ ಹುಡುಗ ಒಂದು ಗುಂಡಿ ಒತ್ತಿದ. ತಲೆಯ ಮೇಲಿನ ಗಾಜು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು. ಜತೆಯಲ್ಲಿದ್ದ ನಾಲ್ಕು ವರ್ಷದ ಮೊಮ್ಮಗಳು ‘ತಾತಾ, ಆಕಾಶ!’ ಎಂದು ಕೂಗಿದಳು. ಅಲ್ಲಿಗೆ ವ್ಯಾಪಾರ ಮುಗಿಯಿತು. ಆ ಆಕಾಶಕ್ಕೆ ಎಷ್ಟು ಹೆಚ್ಚು ಕೊಟ್ಟೆನೆಂದು ನನ್ನಾಕೆಗೆ ಈವರೆಗೂ ಹೇಳಿಲ್ಲ.

ಸನ್‌ರೂಫ್ ನಮಗಿಬ್ಬರಿಗೆ ಉಪಯೋಗಕ್ಕೆ ಬಂದದ್ದು ಅಷ್ಟಕ್ಕಷ್ಟೆ. ತೆಗೆದರೆ ಧೂಳು, ತೆಗೆಯದಿದ್ದರೆ ಬೋಳುತಲೆಗೆ ಝಳ. ಒಳಗಿನ ಪರದೆ ಎಳೆದುಕೊಂಡು ಸನ್‌ರೂಫ್ ಇಲ್ಲದ ಕಾರಿನಂತೆಯೇ ಓಡಿಸುತ್ತಿದ್ದೆ. ಬೆಂಗಳೂರಿನಿಂದ ಮೊಮ್ಮಗಳು ರಜೆಗೆ ಬಂದಾಗ ಮಾತ್ರ ಅದಕ್ಕೆ ಜೀವ ಬರುತ್ತಿತ್ತು. ಮುಂದಿನ ಸೀಟಿನ ಮೇಲೆ ನಿಂತು, ತಲೆ ಹೊರಗೆ ಹಾಕಿ, ಎರಡೂ ಕೈ ಚಾಚಿದಳೆಂದರೆ ಅವಳು ಅಂಬಾರಿಯ ಮೇಲಿದ್ದ ಹಾಗೆ. ಒಮ್ಮೆ ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹೀಗೆಯೇ ನಿಲ್ಲಿಸಿಕೊಂಡು ನಿಧಾನವಾಗಿ ಇಳಿದು ಬಂದಿದ್ದೂ ಉಂಟು. ‘ನಿಧಾನವಾಗಿ’ ಎಂಬ ಮಾತನ್ನು ನಾನು ಈಗ ಒತ್ತಿ ಹೇಳುತ್ತಿದ್ದೇನೆ. ಆಗ ನನಗೆ ಅದು ತಪ್ಪೆಂದೇ ಅನಿಸಿರಲಿಲ್ಲ.

ಇನ್ನು ನಮ್ಮ ತೆಂಗಿನಮರದ ವಿಚಾರ. 1978ರಲ್ಲಿ ಮನೆ ಕಟ್ಟಿದಾಗ ನಮ್ಮಮ್ಮ ನೆಟ್ಟ ಮರ ಅದು. ಈಗ ನಲವತ್ತು ಅಡಿ ಎತ್ತರ. ಆಗ ಮನೆಯಲ್ಲಿದ್ದದ್ದು ಸೈಕಲ್ಲು. ಕಾರು ಬರುತ್ತದೆಂದು ಮರಕ್ಕೂ ಗೊತ್ತಿರಲಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಗೇಟಿನೊಳಗೆ ಕಾರು ನಿಲ್ಲಿಸಲು ಇರುವುದು ಮರದ ಬುಡದ ಜಾಗ ಒಂದೇ. ಕೆಳಗೆ ಆಡುವ ಮಕ್ಕಳನ್ನು ಯಾರಾದರೂ ಗದರಿದರೆ ಅಮ್ಮ ಹೇಳುತ್ತಿದ್ದಳು: ‘ತೆಂಗಿನಕಾಯಿಗೆ ಮೂರು ಕಣ್ಣಿದೆ. ಕೆಳಗೆ ಯಾರೂ ಇಲ್ಲ ಅಂತ ನೋಡಿಕೊಂಡೇ ಬೀಳುತ್ತೆ.’ ಹಳೇ ಮೈಸೂರಿನ ಕಡೆ ಈ ಮಾತು ಕೇಳದವರು ಕಡಿಮೆ. ಅರವತ್ತೇಳು ವರ್ಷದ ನಾನು, ನಲವತ್ತು ವರ್ಷ ಸಾಲದ ಅರ್ಜಿಗಳನ್ನು ಅನುಮಾನದಿಂದಲೇ ನೋಡಿದವನು, ಈ ಒಂದು ಮಾತನ್ನು ಮಾತ್ರ ಯಾವ ದಾಖಲೆಯನ್ನೂ ಕೇಳದೆ ನಂಬಿಕೊಂಡಿದ್ದೆ.

ಎರಡು ತಿಂಗಳಿಗೊಮ್ಮೆ ಬಂದು ಕಾಯಿ ಕೀಳುತ್ತಿದ್ದ ಮುದುಕ ಮಂಡಿನೋವೆಂದು ಮರ ಹತ್ತುವುದನ್ನು ಬಿಟ್ಟ. ಅವನ ಮಗ ಆಟೊ ಓಡಿಸುತ್ತಾನೆ. ‘ಬೇರೆ ಯಾರನ್ನಾದ್ರೂ ಕರೀರಿ, ಗೊನೆ ಒಣಗ್ತಾ ಇದೆ’ ಎಂದು ನನ್ನಾಕೆ ಐದು ತಿಂಗಳಿಂದ ಹೇಳುತ್ತಿದ್ದಳು. ನಾನು ‘ನಾಳೆ’ ಎನ್ನುತ್ತಿದ್ದೆ. ನಿವೃತ್ತನಾದವನಿಗೆ ನಾಳೆಗಳಿಗೇನು ಕೊರತೆ?

2025ರ ಏಪ್ರಿಲ್‌ನ ಒಂದು ಭಾನುವಾರದ ಸಂಜೆ. ಕಾರಂಜಿ ಕೆರೆ ಸುತ್ತಿಕೊಂಡು ಬಂದು ಕಾರನ್ನು ಮರದಡಿ ನಿಲ್ಲಿಸಿದೆ. ‘ತಾತ, ಒಂದೇ ಒಂದು ಫೋಟೊ’ ಎಂದು ಎಂಟು ವರ್ಷದ ಪುಟ್ಟಿ ಸೀಟು ಹತ್ತಿ ನಿಂತಳು. ನಾನು ಇಳಿದು ಎದುರಿಗೆ ನಿಂತು ಒಂದಲ್ಲ, ಆರು ಫೋಟೊ ತೆಗೆದೆ. ಇನ್ನೂ ತೆಗೆಯುತ್ತಿದ್ದೆನೋ ಏನೋ, ಒಳಗಿನಿಂದ ‘ದೋಸೆ ಆರಿಹೋಗುತ್ತೆ, ಬರ್ತೀರೋ ಇಲ್ವೋ?’ ಎಂಬ ಕೂಗು ಬಂತು. ಪುಟ್ಟಿ ಇಳಿದಳು. ಗುಂಡಿ ಒತ್ತಿ ಗಾಜು ಮುಚ್ಚಿದೆ. ಕೈತೊಳೆದು ಕುಳಿತು ಮೊದಲ ತುತ್ತು ಬಾಯಿಗಿಡುವುದರಲ್ಲಿದ್ದೆ. ಹೊರಗೆ ‘ಢಬ್’ ಎಂದಿತು. ಅದರ ಹಿಂದೆಯೇ, ಮರದಿಂದ ಅಕ್ಕಿ ಸುರಿದ ಹಾಗೆ ಸರ್ರನೆ ಒಂದು ಸದ್ದು.

ಓಡಿಹೋಗಿ ನೋಡಿದರೆ ಎಲೆ ಅಲುಗುವಷ್ಟೂ ಗಾಳಿ ಇಲ್ಲ. ಕಾರಿನ ಛಾವಣಿಯಲ್ಲಿ ಗಾಜಿದ್ದ ಕಡೆ ಆಕಾಶವಿತ್ತು. ಬಾಗಿಲು ತೆಗೆದೆ. ಮುಂದಿನ ಎಡಸೀಟಿನ ನಟ್ಟನಡುವೆ, ಸಿಪ್ಪೆ ಸಮೇತದ ಬಲಿತ ಕಾಯಿಯೊಂದು ಟಿಕೆಟ್ ಕೊಂಡ ಪ್ರಯಾಣಿಕನ ಹಾಗೆ ಠೀವಿಯಿಂದ ಕುಳಿತಿತ್ತು. ಸುತ್ತಲೂ ಸೀಟಿನ ಮೇಲೆ, ಗೇರಿನ ಸಂದಿಯಲ್ಲಿ, ಲೋಟ ಇಡುವ ಗುಳಿಯಲ್ಲಿ, ಎಲ್ಲೆಲ್ಲೂ ಹರಳು ಹರಳಾದ ಗಾಜು. ಹಿಂದೆಯೇ ಬಂದ ಪುಟ್ಟಿ ‘ತಾತಾ, ಕಲ್ಲುಸಕ್ಕರೆ!’ ಎಂದು ಕೈಚಾಚಿದಳು. ನಾನು ಅವಳನ್ನು ಎತ್ತಿಕೊಂಡೆ. ಎಂಟು ವರ್ಷದ ಹುಡುಗಿಯನ್ನು ಎತ್ತುವ ಶಕ್ತಿ ನನ್ನ ಸೊಂಟಕ್ಕಿಲ್ಲ. ಆದರೂ ಕೆಳಗಿಳಿಸಲು ಮನಸ್ಸಾಗಲಿಲ್ಲ. ನನ್ನಾಕೆ ಸೀಟನ್ನು ನೋಡಿದಳು, ಮರವನ್ನು ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳಲಿಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ‘ನಾನು ಹೇಳಿರಲಿಲ್ವಾ?’ ಎನ್ನದೆ ಬಿಟ್ಟ ಮೊದಲ ಸಂದರ್ಭ ಅದು.

ಅಕ್ಕಪಕ್ಕದವರೆಲ್ಲ ಬಂದರು. ದೃಷ್ಟಿಯಾಗಿದೆ ಎಂದರು ಒಬ್ಬರು. ಮರ ಕಡಿಸಿ ಎಂದರು ಇನ್ನೊಬ್ಬರು. ತಲೆಗೆ ಬರುವುದು ಗಾಜಿಗೆ ಹೋಯಿತು ಎಂದರು ಮತ್ತೊಬ್ಬರು. ಹೇಳಿದವರಿಗೆ ಅದು ಬರೀ ಮಾತಿನ ವಾಡಿಕೆ. ರಾತ್ರಿ ಗುಡುಗಿತು. ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಟುಪಟ್ಟಿ ಹಚ್ಚಿ, ಮೇಲೆ ಟಾರ್ಪಾಲು ಕಟ್ಟಿ ಬಂದು ಮಲಗಿದೆ. ನಿದ್ದೆ ಬರಲಿಲ್ಲ. ಫೋನಿನಲ್ಲಿ ಆರು ಫೋಟೊಗಳಿದ್ದವು. ಆರರಲ್ಲೂ ಪುಟ್ಟಿ ನಗುತ್ತಿದ್ದಳು. ನಾಲ್ಕರಲ್ಲಿ ಅವಳ ತಲೆಯ ಮೇಲೆ, ಚೌಕಟ್ಟಿನ ಅಂಚಿನಲ್ಲಿ, ಆ ಒಣಗಿದ ಗೊನೆ ಸ್ಪಷ್ಟವಾಗಿ ಕಾಣುತ್ತಿತ್ತು. ಫೋಟೊ ತೆಗೆಯುವಾಗ ನನಗೆ ಅದು ಕಂಡಿರಲೇ ಇಲ್ಲ. ಸಮಯ ನೋಡಿದೆ. ಕೊನೆಯ ಫೋಟೊಕ್ಕೂ ಆ ಸದ್ದಿಗೂ ನಡುವೆ ಇದ್ದದ್ದು ಮೂರು ನಿಮಿಷ, ಒಂದು ದೋಸೆ.

ಮಗನಿಗೆ ಫೋನಿನಲ್ಲಿ ‘ಕಾಯಿ ಬಿದ್ದು ಗಾಜು ಹೋಯಿತು’ ಎಂದಷ್ಟೇ ಹೇಳಿದೆ. ಸುಳ್ಳೇನೂ ಅಲ್ಲವಲ್ಲ.

ಮರುದಿನ ವರ್ಕ್‌ಷಾಪಿನವರು ಪಟ್ಟಿ ಕೊಟ್ಟರು: ಗಾಜು 16,800, ಸುತ್ತಲಿನ ರಬ್ಬರು 1,600, ಕೂಲಿ 2,600, ಒಟ್ಟು 21,000 ರೂಪಾಯಿ. ವಿಮೆ ಕೇಳುವುದೋ ಬಿಡುವುದೋ? ಹಳೆಯ ಬ್ಯಾಂಕಿನವನ ರಕ್ತ ಎಚ್ಚರವಾಯಿತು. ಲೆಕ್ಕ ಬೇಕಾದವರಿಗೆ ಬೇಕಾದೀತೆಂದು ಬರೆಯುತ್ತೇನೆ. ಸಾಮಾನ್ಯ ವಿಮೆಯಲ್ಲಿ ಗಾಜಿಗೆ ಸವಕಳಿ ಕಳೆಯುವುದಿಲ್ಲ, ರಬ್ಬರಿಗೆ ಅರ್ಧ ಕಳೆಯುತ್ತಾರೆ. 1500 ಸಿ.ಸಿ.ವರೆಗಿನ ಕಾರಿಗೆ ಮೊದಲ 1,000 ರೂಪಾಯಿ ಕಡ್ಡಾಯವಾಗಿ ನಮ್ಮದೇ. ಅಂದರೆ ನನ್ನ ಪಾಲು 1,800, ಕಂಪನಿಯದು 19,200. ಆದರೆ ಒಮ್ಮೆ ಕೈಚಾಚಿದರೆ, ಹಾನಿ ಕೇಳದವರಿಗೆ ಕೊಡುವ ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ಅದು ವರ್ಷ ವರ್ಷಕ್ಕೆ ಶೇ. 20, 25, 35, 45, 50 ಎಂದು ಏರುವ ಏಣಿ. ನಾನು ಮೂರನೆಯ ಮೆಟ್ಟಿಲಲ್ಲಿದ್ದೆ. ಸ್ವಂತ ಹಾನಿಯ ಕಂತು ವರ್ಷಕ್ಕೆ 9,000 ಎಂದಿಟ್ಟುಕೊಂಡರೆ, ಕೆಳಗಿಳಿದು ಮತ್ತೆ ಮೇಲೇರುವಷ್ಟರಲ್ಲಿ ಕಳೆದುಕೊಳ್ಳುವುದು 10,800. ಕೇಳಿದರೆ 8,400 ಲಾಭ. ಗಾಜು ಐದು ಸಾವಿರದ್ದಾಗಿದ್ದರೆ ತೆಪ್ಪಗಿರುವುದೇ ಜಾಣತನ.

ಏಜೆಂಟರು ಅರ್ಜಿ ತಂದರು. ‘ಅಪಘಾತವಾದ ಬಗೆ’ ಎಂಬ ಜಾಗದಲ್ಲಿ ‘ಗಾಳಿಮಳೆಗೆ ಬಿತ್ತು ಅಂತ ಬರೆದುಬಿಡಿ ಸಾರ್, ಪ್ರಕೃತಿ ವಿಕೋಪ, ತಕರಾರೇ ಇರಲ್ಲ’ ಎಂದರು. ಪೆನ್ನು ಹಿಡಿದೆ. ‘ನಮ್ಮದೇ ಮರದಿಂದ ಬಲಿತ ಕಾಯಿ ಬಿದ್ದು ಗಾಜು ಒಡೆಯಿತು. ಗಾಳಿ ಇರಲಿಲ್ಲ. ಐದು ತಿಂಗಳಿಂದ ಕಾಯಿ ಕೀಳಿಸಿರಲಿಲ್ಲ’ ಎಂದು ಬರೆದೆ. ಏಜೆಂಟರು ‘ಕೊನೇ ಸಾಲು ಯಾರು ಕೇಳಿದ್ರು ಸಾರ್?’ ಎಂದು ಹಣೆ ಒತ್ತಿಕೊಂಡರು. ಸರ್ವೇಯರು ಬಂದರು. ಗಾಜು, ಕಾಯಿ, ಮರ ಮೂರರ ಫೋಟೊ ತೆಗೆದರು. ಹೊರಗಿನಿಂದ ಆಕಸ್ಮಿಕವಾಗಿ ಆದ ಹಾನಿ, ಕೊಡಲು ಅಡ್ಡಿಯಿಲ್ಲ ಎಂದರು. ಹೊರಡುವಾಗ, ವಾಡಿಕೆಯಂತೆ, ‘ಒಳಗೆ ಯಾರೂ ಇರಲಿಲ್ಲ ತಾನೆ?’ ಎಂದು ಕೇಳಿದರು.

‘ಇರಲಿಲ್ಲ’ ಎಂದೆ. ಅದೂ ಸುಳ್ಳಲ್ಲ. ಆದರೆ ಗಂಟಲು ಒಣಗಿತು. 19,200 ರೂಪಾಯಿಗಾಗಿ ಗುರುತಿಲ್ಲದ ಕಂಪನಿಗೆ ಒಂದು ಸಾಲು ಹೆಚ್ಚೇ ನಿಜ ಬರೆದುಕೊಟ್ಟವನು, ಹೆತ್ತವರಿಗೆ ಒಂದು ಸಾಲು ಕಡಿಮೆ ಹೇಳಿದ್ದೆ.

ಗಾಜು ಬರಲು ಹನ್ನೊಂದು ದಿನ ಹಿಡಿಯಿತು. ಕೂಡಿಸುವ ದಿನ ನಾನೂ ವರ್ಕ್‌ಷಾಪಿನಲ್ಲೇ ಸ್ಟೂಲು ಹಾಕಿಕೊಂಡು ಕುಳಿತೆ. ಕೆಲಸದ ಹುಡುಗ ಮೊದಲು ಮಾಡಿದ್ದು ಹೊಸ ಗಾಜು ಕೂಡಿಸುವುದನ್ನಲ್ಲ, ಹಳೆಯದನ್ನು ಹೆಕ್ಕುವುದನ್ನು. ವ್ಯಾಕ್ಯೂಮ್ ಹಾಕಿ, ಸೀಟು ಬಿಚ್ಚಿ, ಹಳಿಯ ಸಂದಿಯನ್ನೆಲ್ಲ ಬ್ರಷ್ಷಿನಿಂದ ಉಜ್ಜಿ, ಒಂದು ಡಬ್ಬಿ ತುಂಬ ಹರಳು ತೆಗೆದ. ‘ಇದು ಒಡೆಯೋದಕ್ಕೇ ಮಾಡಿರೋ ಗಾಜು ಸಾರ್’ ಎಂದ. ಆರು ನೂರು ಡಿಗ್ರಿಗೂ ಮೇಲೆ ಕಾಯಿಸಿ, ತಟ್ಟನೆ ಗಾಳಿ ಊದಿ ತಣಿಸುತ್ತಾರಂತೆ. ಮೇಲ್ಮೈ ಮೊದಲು ಗಟ್ಟಿಯಾಗಿ, ಒಳಗಿನದು ಆಮೇಲೆ ಕುಗ್ಗುತ್ತಾ ಅದನ್ನು ಬಿಗಿಯಾಗಿ ಎಳೆದು ಹಿಡಿದಿರುತ್ತದೆ. ಆದ್ದರಿಂದಲೇ ಅಷ್ಟು ಬಲ. ಆದರೆ ಒಳಗಿನ ಬಿಗಿತಕ್ಕೆ ಒಂದು ಬಿರುಕು ಮುಟ್ಟಿತೋ, ಇಡೀ ಗಾಜು ಒಮ್ಮೆಗೇ ಪುಡಿ. ಈಟಿಯಂಥ ಚೂರಾಗುವುದಿಲ್ಲ, ಹರಳಾಗುತ್ತದೆ. ಕೂತವರಿಗೆ ಹೆಚ್ಚು ಗಾಯವಾಗಬಾರದೆಂದು. ಮುಂದಿನ ದೊಡ್ಡ ಗಾಜಿನದು ಬೇರೆ ಜಾತಿ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವುದರಿಂದ ಬಿರುಕು ಬಿಟ್ಟರೂ ಕಚ್ಚಿಕೊಂಡಿರುತ್ತದೆ.

‘ಸನ್‌ರೂಫ್‌ನಲ್ಲಿ ನೀರು ಬರೋದೇ ಇಲ್ಲ ಅಂತ ತಿಳ್ಕೊಂಡಿರ್ತಾರೆ. ಬರುತ್ತೆ ಸಾರ್. ಸುತ್ತ ಕಾಲುವೆ ಇದೆ, ಮೂಲೇಲಿ ಸಣ್ಣ ಪೈಪು ಇರುತ್ತೆ, ಕಂಬದೊಳಗೇ ಇಳಿದು ಕೆಳಗೆ ಹೋಗುತ್ತೆ. ಅದ್ರಲ್ಲಿ ಒಂದು ಹರಳು ಕೂತ್ರೂ ಮಳೆಗಾಲದಲ್ಲಿ ನಿಮ್ಮ ಕಾಲಡಿ ಕೆರೆ’ ಎಂದು ಹುಡುಗ ಪೈಪುಗಳಿಗೆ ಗಾಳಿ ಹಾಯಿಸಿದ. ಗಾಜು ಕೂಡಿಸಿ, ಛಾವಣಿಗೆ ಸಮವಾಗಿದೆಯೇ ಎಂದು ಬೆರಳಾಡಿಸಿ ನೋಡಿ, ಕೊನೆಗೆ ಮಗ್ಗಿನಿಂದ ನೀರು ಸುರಿದ. ನಾಲ್ಕೂ ಚಕ್ರದ ಹತ್ತಿರ ನೀರು ಇಳಿಯುವವರೆಗೆ ಅವನೂ ಬಗ್ಗಿದ್ದ, ನಾನೂ ಬಗ್ಗಿದ್ದೆ. ಕಣ್ಣಿಗೆ ಕಾಣದ ಮೂಲೆಯನ್ನು ಇಷ್ಟು ಶ್ರದ್ಧೆಯಿಂದ ನೋಡುವ ಆ ಹುಡುಗನ ಮುಂದೆ, ಎದುರಿಗೇ ತೂಗುತ್ತಿದ್ದ ಗೊನೆಯನ್ನು ನೋಡದ ನನಗೆ ನಾಚಿಕೆಯಾಯಿತು.

ಅಂದು ರಾತ್ರಿ ಮಗನಿಗೆ ಆ ಕೊನೆಯ ಫೋಟೊ ಕಳುಹಿಸಿ ಎಲ್ಲವನ್ನೂ ಹೇಳಿದೆ, ಚಾಮುಂಡಿ ಬೆಟ್ಟದ ರಸ್ತೆಯನ್ನೂ ಸೇರಿಸಿ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಇಂಜಿನಿಯರು ನೋಡಿ, ದುಃಖವನ್ನೂ ಲೆಕ್ಕದಲ್ಲೇ ಹೇಳಿಕೊಳ್ಳುತ್ತಾನೆ: ‘ನಲವತ್ತು ಅಡಿಯಿಂದ ಬಿದ್ರೆ ಗಂಟೆಗೆ ಐವತ್ತು ಕಿಲೋಮೀಟರ್ ವೇಗ ಅಪ್ಪಾ.’ ಸೊಸೆ ಫೋನು ತೆಗೆದುಕೊಂಡಳು. ಬೈಯುತ್ತಾಳೆಂದು ಕಾದೆ. ‘ಮಾವ, ಮೊದಲು ಕಾಯಿ ಕೀಳಿಸಿ’ ಎಂದಳು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಮಾರನೆಯ ದಿನವೇ ಹತ್ತುವ ಯಂತ್ರ ಕಟ್ಟಿಕೊಂಡ ಹುಡುಗನೊಬ್ಬ ಬಂದು ಐವತ್ತೆಂಟು ಕಾಯಿ ಇಳಿಸಿದ. ಮರ ಉಳಿಯಿತು. ಕ್ಯಾಲೆಂಡರಿನಲ್ಲಿ ಎರಡು ತಿಂಗಳಿಗೊಂದು ಕೆಂಪು ಗುಂಡು ಬಿತ್ತು. ಅದಾಗಿ ಕೆಲವು ತಿಂಗಳಿಗೆ, 2025ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನಲ್ಲಿ ಓಡುವ ಕಾರಿನ ಛಾವಣಿಯಿಂದ ತಲೆ ಹೊರಹಾಕಿ ನಿಂತಿದ್ದ ಹುಡುಗನೊಬ್ಬನಿಗೆ ರಸ್ತೆಗೆ ಅಡ್ಡವಾಗಿದ್ದ ಕಬ್ಬಿಣದ ಕಮಾನು ಬಡಿಯಿತು. ಆ ದೃಶ್ಯ ಎಲ್ಲರ ಫೋನಿಗೂ ಬಂತು. ನಾನು ಅರ್ಧಕ್ಕೇ ನಿಲ್ಲಿಸಿದೆ. ದಸರಾ ರಜೆಗೆ ಬಂದ ಪುಟ್ಟಿ ಸೀಟು ಹತ್ತಲು ಹೋದಾಗ ‘ಕೂತೇ ನೋಡು’ ಎಂದೆ. ಎರಡು ದಿನ ಮುನಿಸಿಕೊಂಡಳು. ಮೂರನೆಯ ದಿನ ಬೆಲ್ಟು ಹಾಕಿಕೊಂಡು, ಸೀಟು ಹಿಂದಕ್ಕೆ ಒರಗಿಸಿ, ಗಾಜಿನೊಳಗಿನಿಂದಲೇ ಮೋಡ ಎಣಿಸಿದಳು. ಆಕಾಶ ಅಲ್ಲಿಯೇ ಇತ್ತು.

ಆ ಕಾಯಿಯ ಕಥೆ ಹೇಳಲಿಲ್ಲ. ಅದನ್ನು ಅಡುಗೆಗೆ ಬಳಸಲು ನನ್ನಾಕೆಗೆ ಮನಸ್ಸು ಬಂದಿರಲಿಲ್ಲ, ಎಸೆಯಲೂ ಬಂದಿರಲಿಲ್ಲ. ಹೊಸ ಗಾಜು ಬಂದ ಮೇಲೆ ಬೀದಿ ಕೊನೆಯ ಗಣಪತಿ ಗುಡಿಯಲ್ಲಿ ಕಾರಿಗೆ ಪೂಜೆ ಮಾಡಿಸಿದೆವು. ಅದೇ ಕಾಯಿಯನ್ನು ಸುಲಿದು ಕೊಂಡೊಯ್ದಿದ್ದಳು. ಇದೇ ಕಾಯಿ ಕಾರಿನ ಗಾಜು ಒಡೆದದ್ದೆಂದು ಅರ್ಚಕರಿಗೆ ನಾವು ಹೇಳಲಿಲ್ಲ. ಅವರು ಕೈಗೆತ್ತಿಕೊಳ್ಳುವ ಮುನ್ನ ನಾನು ಅದನ್ನು ತಿರುಗಿಸಿ ನೋಡಿದೆ. ಕಣ್ಣು ಮೂರಿದ್ದವು. ಎರಡು ಕಲ್ಲಿನಂತೆ ಗಟ್ಟಿ, ಒಂದು ಮಾತ್ರ ಮೆತ್ತಗೆ. ಆ ಒಂದರಿಂದಲೇ ನೋಡಿತ್ತೋ ಏನೋ. ನನಗೂ ಎರಡಿವೆ, ಈಗ ಗೇಟು ತೆಗೆಯುವ ಮೊದಲು ಅವುಗಳನ್ನು ಒಮ್ಮೆ ಮೇಲಕ್ಕೆತ್ತುತ್ತೇನೆ.