ಹಳೇ ಹೆಸರಿನ ಹರಾಜು

ವೆಬ್‌ಸೈಟ್ ಹೆಸರು ತಗೊಳ್ಳೋದು ಅಂದ್ರೆ ಸೈಟ್ ಕೊಂಡಂಗಲ್ಲ, ರೂಮ್ ಬಾಡಿಗೆ ಹಿಡಿದಂಗೆ. ಬಾಡಿಗೆ ಕಟ್ಟದಿದ್ರೆ ಡಾಟ್ ಕಾಮ್ ಹೆಸರಿಗೆ ಹೆಚ್ಚಂದ್ರೆ 45 ದಿನ ವಿನಾಯಿತಿ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳೋಕೆ 30 ದಿನ, ಕೊನೆಗೆ 5 ದಿನ ಕಾದು ಅಳಿಸಿಬಿಡ್ತಾರೆ. ಎಷ್ಟೋ ಕಂಪನಿಗಳು ಅಲ್ಲಿವರೆಗೂ ಕಾಯಲ್ಲ, ವಿನಾಯಿತಿ ದಿನಗಳಲ್ಲೇ ಹರಾಜಿಗೆ ಇಡ್ತವೆ. ಮರೆಯೋರು ಸಣ್ಣವರೇ ಅಂತೇನಿಲ್ಲ. 1999ರ ಡಿಸೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರಿನ ಫೀಸನ್ನೇ ಮರೆತು ಹಾಟ್‌ಮೇಲ್ ಲಾಗಿನ್ ಕೆಟ್ಟಿತ್ತು. ಮೈಕೆಲ್ ಚೇನಿ ಅನ್ನೋ ಪ್ರೋಗ್ರಾಮರ್ ತನ್ನ ಕೈಯಿಂದ 35 ಡಾಲರ್ ಕಟ್ಟಿದ.

ನಮ್ಮ ಕಾಕಾ ಹುಮನಾಬಾದ್‌ನಲ್ಲಿ ಗಾಡಿ ಬಾಡಿಗೆಗೆ ಬಿಡ್ತಾರೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಸ್ಟೇಷನ್‌ನಲ್ಲಿ ಇಳಿದೋರನ್ನ ಮಾಣಿಕನಗರ, ಬಸವಕಲ್ಯಾಣದ ಅನುಭವ ಮಂಟಪ, ಕೋಟೆ ಸುತ್ತಿಸಿ ವಾಪಸ್ ಬಿಡೋದೇ ದೊಡ್ಡ ಕೆಲಸ. ಅವರ ಕಣ್ಣಿಗೆ ಹರಾಜಿನಲ್ಲಿದ್ದ ಒಂದು ಡಾಟ್ ಕಾಮ್ ಹೆಸರು ಬಿತ್ತು. ಬಸವಕಲ್ಯಾಣ, ಅದರ ಬಾಲಕ್ಕೆ ಒಂದು ಸಣ್ಣ ಪದ. "ಹೆಸರು ಭಾರಿ ಅದಾ ತಮ್ಮಾ, ಹತ್ತು ವರ್ಷ ಹಳೇದಂತ, ಗೂಗಲ್‌ದಾಗ ಮ್ಯಾಲೆ ಬರ್ತದಂತ. ನೋಡಿ ತಗೊಂಡ್ಬಿಡು."

ಹಳೇದಾದ್ರೆ ಗೂಗಲ್ ಮೇಲೆ ತರುತ್ತೆ ಅನ್ನೋದು ಮಾರೋರ ಮಾತು. ಹಳೇ ಹೆಸರಿನ ಮರ್ಯಾದೆ ಬಳಸಿಕೊಳ್ಳೋಕೆ ಅಂತಲೇ ಅದನ್ನ ಕೊಂಡು ಕಸ ತುಂಬೋದನ್ನ ಗೂಗಲ್ 2024ರ ಮಾರ್ಚ್‌ನಲ್ಲಿ ಸ್ಪ್ಯಾಮ್ ಪಟ್ಟಿಗೆ ಸೇರಿಸಿದೆ. ಹೆಸರಿನ ವಯಸ್ಸಿಗಿಂತ ಅದರ ಚರಿತ್ರೆ ನೋಡಬೇಕು. ಇಂಟರ್ನೆಟ್ ಆರ್ಕೈವ್‌ನವರ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿದೆ. ಬಂದಿದ್ದು ಒಂದು ಶಾಲೆಯ ಸೈಟ್: ಧ್ವಜಾರೋಹಣದ ಫೋಟೋ, ಅಡ್ಮಿಶನ್ ಫಾರ್ಮ್, ಹೆಡ್‌ಮಾಸ್ಟರ್ ಸಂದೇಶ. ಕೊನೆಯ ವರ್ಷದಲ್ಲಿ ಮಾತ್ರ ಅದೇ ಶಾಲೆಯ ಹೆಸರಿನ ಕೆಳಗೆ ಪುಟಗಟ್ಟಲೆ ಜಪಾನಿ ಅಕ್ಷರ, ಶೂ ಮತ್ತು ವಾಚ್ ಮಾರಾಟ! ಯಾರೋ ಹ್ಯಾಕ್ ಮಾಡಿ ತುಂಬಿದ್ದು. ಬೇರೆ ಸೈಟ್‌ಗಳಿಂದ ಇದಕ್ಕೆ ಬರ್ತಿದ್ದ ಲಿಂಕ್‌ಗಳಲ್ಲೂ ಅದೇ ಶೂ, ಅದೇ ವಾಚ್. ಗೂಗಲ್ ಸೇಫ್ ಬ್ರೌಸಿಂಗ್‌ನಲ್ಲಿ ಮಾತ್ರ ಕ್ಲೀನ್ ಅಂತ ತೋರಿಸ್ತು. ಅದೊಂದನ್ನೇ ನಂಬಿದ್ರೆ ಆಯ್ತು ಕಥೆ.

ಇಷ್ಟಕ್ಕೇ ಬೇಡ ಅನ್ನಬಹುದಿತ್ತು. ಆದ್ರೆ ಸಂಪರ್ಕ ಪುಟದಲ್ಲಿ ಮೂರು ಇಮೇಲ್ ವಿಳಾಸ ಇದ್ವು, ಮೂರೂ ಇದೇ ಹೆಸರಿನವು. ಹೆಸರು ಯಾರ ಕೈಗೆ ಹೋಗುತ್ತೋ ಮೇಲ್ ಕೂಡ ಅವರಿಗೇ. ಎಂಎಕ್ಸ್ ರೆಕಾರ್ಡ್ ಬದಲಾಯಿಸಿ ಕ್ಯಾಚ್-ಆಲ್ ಹಾಕೋದು ಸೆಕೆಂಡ್ ಇಯರ್‌ನೋರಿಗೂ ಬರುತ್ತೆ. ಅಪ್ಪ-ಅಮ್ಮಂದಿರು ಕಳಿಸೋ ಆಧಾರ್ ಕಾಪಿ, ಟಿಸಿ, ಆ ವಿಳಾಸ ಕೊಟ್ಟು ತೆಗೆದ ಯಾವುದೇ ಅಕೌಂಟಿನ ಪಾಸ್‌ವರ್ಡ್ ರಿಸೆಟ್ ಲಿಂಕ್, ಎಲ್ಲಾ ಹೊಸಬನ ಇನ್‌ಬಾಕ್ಸಿಗೆ. ನಾನು ನೋಡಿದ ಯೂಟ್ಯೂಬ್ ವಿಡಿಯೋಗಳಲ್ಲಿ ಒಬ್ರೂ ಇದನ್ನ ಹೇಳಲಿಲ್ಲ. ಅವರದ್ದೆಲ್ಲಾ ಬರೀ ಸ್ಕೋರಿನ ಮಾತು.

ಕಾಕಾಗೆ ಹೇಳಿದೆ. "ನಾವೇನ್ ಓದ್ತೀವಾ? ಬಂದ್ರ ಡಿಲೀಟ್ ಮಾಡಿದ್ರಾಯ್ತು." ಕಾಕಾ ಓದಲ್ಲ, ನಿಜ. ಆದ್ರೆ ಮುಂದಿನ ಬಿಡ್ ಹಾಕೋನು? ಅವಧಿ ಮುಗಿದು ಇನ್ನೂ 26 ದಿನ ಆಗಿತ್ತು, ಶಾಲೆಯವರು ಕಟ್ಟಿದ್ರೆ ಹೆಸರು ವಾಪಸ್ ಬರ್ತಿತ್ತು. ಆರ್ಕೈವ್‌ನಲ್ಲಿದ್ದ ಫೋನ್ ನಂಬರ್‌ಗಳಲ್ಲಿ ಎರಡನೇದು ಹತ್ತಿತು. ಆಫೀಸಿನವರು ನಾನು ಏನೋ ಮಾರೋಕೆ ಫೋನ್ ಮಾಡಿದೀನಿ ಅಂದ್ಕೊಂಡು ಎರಡು ಸಲ ಇಟ್ಟರು. ಮೂರನೇ ಸಲ ಹೇಳಿದ್ರು: "ವೆಬ್‌ಸೈಟ್ ಮಾಡಿದ ಹುಡುಗ ಪುಣೆಕ್ಕ ಹೋಗ್ಯಾನ್ರೀ. ಪಾಸ್‌ವರ್ಡ್ ಎಲ್ಲಾ ಅಂವನ ಹತ್ರಾನೇ ಅದಾ." ಅವನನ್ನೇ ಹಿಡೀರಿ ಅಂದೆ.

ನಾಲ್ಕನೇ ದಿನ ಆ ಹೆಸರು ಹರಾಜಿಂದ ಮಾಯ. ಐಕಾನ್ ಲುಕಪ್‌ನಲ್ಲಿ ಹೆಸರು ಪೂರ್ತಿ ಒಂದು ವರ್ಷಕ್ಕೆ ರಿನ್ಯೂ ಆಗಿತ್ತು.

ಕಾಕಾ ಎರಡು ದಿನ ಮುಖ ಊದಿಸಿಕೊಂಡಿದ್ರು. ಆಮೇಲೆ ಯಾರೂ ಬಳಸದ ಹೊಸ ಹೆಸರೇ ತಗೊಂಡ್ವಿ, ಹುಮನಾಬಾದ್ ಇರೋದು. ಹಳೇ ಕಾಗದಗಳಲ್ಲಿ ಇಂಗ್ಲಿಷ್‌ನಲ್ಲಿ ಹೊಮನಾಬಾದ್ ಅಂತಲೂ ಬರೀತಾರಲ್ಲ, ಅದಕ್ಕೊಂದು ಜಗಳ ಆಯ್ತು. ಸ್ಟೇಷನ್ ಬೋರ್ಡಿನ ಸ್ಪೆಲಿಂಗ್ ಗೆದ್ದಿತು. ಅಕೌಂಟ್ ಕಾಕಾನ ಹೆಸರು, ಕಾಕಾನ ನಂಬರ್‌ನಲ್ಲೇ ತೆಗೆದೆ. ಇನ್ನೆರಡು ವರ್ಷಕ್ಕೆ ನಾನೂ ಪುಣೆಗೆ ಹೋಗೋನೇ.