ಬಿಚ್ಚಿದ ಕೈ ಮರೆತ ತಂತಿ



ಶಿಗ್ಲಿಯ ನಮ್ಮ ಮನೆಯ ಹಳೆಯ ಕಾರಿನ ಸೆಲ್ಫ್ ಮೋಟಾರನ್ನು ಇಳಿಸಿ, ಅದರ ಸವೆದ ಕಾರ್ಬನ್ ಬ್ರಶ್‌ಗಳನ್ನು ನಾನೇ ಬದಲಿಸಿದೆ. ಕೆಲಸ ಮುಗಿಯಿತೆಂಬ ಹೆಮ್ಮೆಯೂ ಇತ್ತು. ಮರುದಿನ ನಸುಕಿನಲ್ಲಿ ಪೂಜ್ಯ ತಂದೆಯವರನ್ನು ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗಾಗಿ ಹುಬ್ಬಳ್ಳಿಗೆ ಕರೆದೊಯ್ಯಬೇಕಿತ್ತು. ಕೀಲಿ ತಿರುವಿದರೆ ‘ಟಕ್’ ಎಂಬ ಸದ್ದೊಂದೇ! ಬ್ಯಾಟರಿಯನ್ನು ಹಳಿಯುತ್ತ, ತಂದೆಯವರನ್ನು ಬಸ್ಸಿನಲ್ಲಿ ಕರೆದೊಯ್ದೆ.

ಸಂಜೆ ಮರಳಿದಾಗ ಮೀಟರು ಹಚ್ಚಿದೆ, 12.6 ವೋಲ್ಟ್. ದೀಪಗಳೂ ಪ್ರಖರವಾಗಿದ್ದವು. ಆದರೂ ಹೊಸ ಬ್ಯಾಟರಿ ತರಲು ಹೊರಟೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ತಂದೆಯವರು, “ಬ್ಯಾಟರಿ ಯಾಕ ಬೈತಿ? ನೀ ಬಿಚ್ಚಿದ ಜಾಗಾ ಮೊದ್ಲ ನೋಡಪಾ” ಎಂದರು.

ಮುಂದಿನ ಒಂದು ದೀಪಕ್ಕೆ ಸುಮಾರು 5 ಆಂಪಿಯರ್ ಸಾಕು. ಸೆಲ್ಫ್ ಮೋಟಾರಿಗೆ ನೂರಕ್ಕೂ ಮಿಕ್ಕಿ ಬೇಕು. ಅಷ್ಟು ವಿದ್ಯುತ್ತು ಬ್ಯಾಟರಿಯಿಂದ ಹೋದರೆ ಸಾಲದು, ಮರಳಲು ದಪ್ಪ ಅರ್ಥ್ ತಂತಿಯೂ ಇರಬೇಕು. ಇಲ್ಲದಿದ್ದರೆ ಅದು ಆಕ್ಸಿಲರೇಟರ್ ಕೇಬಲಿನಂತಹ ಸಣ್ಣ ದಾರಿಯಲ್ಲಿ ನುಸುಳುತ್ತದೆ. ಮುಟ್ಟಿದರೆ ನಮ್ಮ ಕಾರಿನ ಆ ಕೇಬಲ್ ಬಿಸಿಯಾಗಿತ್ತು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಬ್ಯಾಟರಿಯ ಋಣಧ್ರುವದಿಂದ ಎಂಜಿನ್ನಿಗೆ ಜಂಪರ್ ಕೇಬಲ್ ಹಚ್ಚಿ ಕೀಲಿ ತಿರುವಿದೆ. ಎಂಜಿನ್ ಒಮ್ಮೆಲೇ ಚಾಲೂ ಆಯಿತು. ಬಗ್ಗಿ ನೋಡಿದರೆ, ಸೆಲ್ಫಿನ ಬೋಲ್ಟಿನೊಡನೆ ನಾನೇ ಬಿಚ್ಚಿದ್ದ ಅರ್ಥ್ ತಂತಿ ಕೆಳಗೆ ಜೋತಾಡುತ್ತಿತ್ತು.

ತುಕ್ಕು ಉಜ್ಜಿ ತಂತಿಯನ್ನು ಬಿಗಿದೆ. ಐದು ನಿಮಿಷದ ಕೆಲಸ. ಆದರೆ ನನ್ನ ಕೈಯನ್ನು ಶಂಕಿಸಲು ನನಗೆ ಒಂದು ಹಗಲೇ ಬೇಕಾಯಿತು. ಅದರ ದಣಿವನ್ನು ಉಂಡವರು ಹಿರಿಯ ಜೀವ. ದುರಸ್ತಿಯ ಮರುದಿನ ಕಾಣುವ ದೋಷವನ್ನು ದುರಸ್ತಿಯಲ್ಲಿಯೇ ಮೊದಲು ಹುಡುಕಬೇಕು.